ಡೌನ್‌ಲೋಡ್ ಗುಂಡಿಯ ಹಿಂದೆ ಎಷ್ಟು ಕೈಗಳು?

ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ಮನೆಯಲ್ಲಿ ಬಿದ್ದಿರುವ ಹಳೆಯ ಮದುವೆ ಡಿವಿಡಿಯನ್ನು ಮೊಬೈಲಿನಲ್ಲಿ ನೋಡುವಂತೆ ಮಾಡಿಕೊಡುವ ತಂತ್ರಾಂಶ ಅದು. 2017ರಲ್ಲಿ ಅದರ ಪುಟದಲ್ಲಿದ್ದ ಡೌನ್‌ಲೋಡ್ ಗುಂಡಿ ಒಂದೇ, ಆದರೆ ಗುಂಡಿ ಒತ್ತಿದಾಗ ಫೈಲ್ ಕಳಿಸುತ್ತಿದ್ದ ಸರ್ವರ್‌ಗಳು ಎರಡು. ಆ ವರ್ಷದ ಮೇ ತಿಂಗಳಲ್ಲಿ ಎರಡರಲ್ಲಿ ಒಂದಕ್ಕೆ ಯಾರೋ ನುಗ್ಗಿದರು. ಮ್ಯಾಕ್ ಕಂಪ್ಯೂಟರ್‌ಗಳಿಗಾಗಿ ಇಟ್ಟಿದ್ದ ಅಸಲಿ ಫೈಲನ್ನು ತೆಗೆದು, ಪ್ರೋಟಾನ್ ಎಂಬ ಬೇಹುಗಾರ ತಂತ್ರಾಂಶ ಬೆರೆಸಿದ ಫೈಲನ್ನು ಅದೇ ಹೆಸರಿನಲ್ಲಿ ಇಟ್ಟುಹೋದರು. ನಮ್ಮ ಗಡಿಯಾರದ ಲೆಕ್ಕದಲ್ಲಿ ಮೇ 2ರ ರಾತ್ರಿ 8ರಿಂದ ಮೇ 6ರ ಸಂಜೆ 4.30ರವರೆಗೆ ಅದು ಅಲ್ಲೇ ಕುಳಿತಿತ್ತು. ವಿಷಯ ತಿಳಿದ ಮೇಲೆ ಹ್ಯಾಂಡ್‌ಬ್ರೇಕ್ ತಂಡ ಕೊಟ್ಟ ಎಚ್ಚರಿಕೆ ಸರಳವಾಗಿತ್ತು: ಈ ಅವಧಿಯಲ್ಲಿ ನೀವು ಮ್ಯಾಕ್‌ಗೆ ಡೌನ್‌ಲೋಡ್ ಮಾಡಿದ್ದರೆ ಸೋಂಕು ತಗುಲಿರುವ ಸಾಧ್ಯತೆ ಅರ್ಧಕ್ಕರ್ಧ.

ಟಾಸ್ ಹಾಕಿದಂತೆ. ಪಕ್ಕಪಕ್ಕದ ಮೇಜಿನಲ್ಲಿ ಕುಳಿತ ಇಬ್ಬರು ಒಂದೇ ಗುಂಡಿ ಒತ್ತಿದ್ದರೆ ಒಬ್ಬರಿಗೆ ಅಸಲಿ, ಇನ್ನೊಬ್ಬರಿಗೆ ವಿಷ ಸಿಗಬಹುದಿತ್ತು. ಟಾಸ್ ಸೋತವರಲ್ಲಿ ಅಮೆರಿಕದ ಪ್ಯಾನಿಕ್ ಎಂಬ ಸಾಫ್ಟ್‌ವೇರ್ ಕಂಪನಿಯ ಸಹಸ್ಥಾಪಕ ಸ್ಟೀವನ್ ಫ್ರಾಂಕ್ ಒಬ್ಬರು. ಅವರ ಕಂಪ್ಯೂಟರಿನಿಂದ ಕದ್ದ ಗುರುತಿನ ವಿವರಗಳನ್ನು ಬಳಸಿ ಕಳ್ಳರು ಕಂಪನಿಯ ಹಲವು ತಂತ್ರಾಂಶಗಳ ಮೂಲ ಸಂಕೇತವನ್ನೇ ಎಗರಿಸಿದರು, ಬಿಟ್‌ಕಾಯಿನ್‌ನಲ್ಲಿ ಹಣ ಕೊಡಿ ಎಂದು ಬೆದರಿಸಿದರು. ಕಂಪನಿ ಹಣ ಕೊಡಲಿಲ್ಲ. ನಡೆದದ್ದನ್ನು ಮುಚ್ಚಿಡದೆ ಫ್ರಾಂಕ್ ಅವರೇ ಬರೆದು ತಿಳಿಸಿದರು.

ನಾನು ಪುಣೆಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದವನು. ಸಾಫ್ಟ್‌ವೇರ್ ಹಂಚುವ ಮಿರರ್‌ಗಳ ಉಸ್ತುವಾರಿಯೂ ಅದರಲ್ಲಿ ಸೇರಿದೆ. ತಂಡಕ್ಕೆ ಹೊಸಬರು ಬಂದಾಗ ಮೊದಲ ವಾರವೇ ಈ ಹ್ಯಾಂಡ್‌ಬ್ರೇಕ್ ಪ್ರಕರಣ ಹೇಳುತ್ತೇನೆ. ಹೊರಗೆ ಇರುವ ಕನ್ನಡಿಗರಲ್ಲಿ ಐಟಿಯವರ ಸಂಖ್ಯೆ ದೊಡ್ಡದು. ಐಟಿಯವರಲ್ಲದಿದ್ದರೂ ದಿನವೂ ಏನಾದರೊಂದು ಇಳಿಸಿಕೊಳ್ಳದವರು ಯಾರೂ ಇಲ್ಲ. ಹಾಗಾಗಿ ಈ ಗುಂಡಿಯ ಹಿಂದಿನ ವ್ಯವಸ್ಥೆ ಎಲ್ಲರಿಗೂ ತಿಳಿದಿರುವುದು ಒಳ್ಳೆಯದು.

ಒಂದೇ ಸರ್ವರ್ ಏಕೆ ಸಾಲದು?

ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಸಾಫ್ಟ್‌ವೇರಿನ ಫೈಲ್ 350 ಎಂಬಿ ಇದೆ ಎಂದುಕೊಳ್ಳಿ. ಹೊಸ ಆವೃತ್ತಿ ಬಂದ ದಿನ ಒಂದು ಲಕ್ಷ ಜನ ಇಳಿಸಿಕೊಂಡರೆ ಒಟ್ಟು 35 ಟಿಬಿ ಹೊರಗೆ ಹೋಗಬೇಕು. ದಿನದ 24 ಗಂಟೆಗೂ ಸಮನಾಗಿ ಹಂಚಿದರೂ ಸೆಕೆಂಡಿಗೆ ಸುಮಾರು 3.2 ಗಿಗಾಬಿಟ್. ಒಂದು ಗಿಗಾಬಿಟ್ ಸಂಪರ್ಕದ ಸರ್ವರ್‌ಗಳು ನಾಲ್ಕಾದರೂ ಬೇಕು. ಜನ ಸಮನಾಗಿ ಬರುವುದಿಲ್ಲ. ಸುದ್ದಿ ಹೊರಬಿದ್ದ ಮೊದಲ ಕೆಲವು ಗಂಟೆಗಳಲ್ಲೇ ಮುಗಿಬೀಳುತ್ತಾರೆ. ಹೊರಹೋಗುವ ಒಂದು ಜಿಬಿಗೆ ಐದು ರೂಪಾಯಿ ಎಂದು ಹಿಡಿದರೂ ಆ ಒಂದು ದಿನದ ಬಿಲ್ ಒಂದೂಮುಕ್ಕಾಲು ಲಕ್ಷ. ಉಚಿತವಾಗಿ ಸಾಫ್ಟ್‌ವೇರ್ ಕೊಡುವ ಸ್ವಯಂಸೇವಕರ ತಂಡ ಈ ದುಡ್ಡನ್ನು ಎಲ್ಲಿಂದ ತರಬೇಕು?

ಇದಕ್ಕೆ ಇಂಟರ್ನೆಟ್ ಹುಡುಕಿಕೊಂಡ ಹಳೆಯ ಉತ್ತರವೇ ಮಿರರ್. ವಿಶ್ವವಿದ್ಯಾಲಯಗಳು, ಇಂಟರ್ನೆಟ್ ಸೇವಾ ಕಂಪನಿಗಳು, ಡೇಟಾ ಸೆಂಟರ್‌ಗಳು ತಮ್ಮಲ್ಲಿ ಮಿಕ್ಕಿರುವ ಡಿಸ್ಕ್ ಜಾಗವನ್ನೂ ಬ್ಯಾಂಡ್‌ವಿಡ್ತನ್ನೂ ಧರ್ಮಾರ್ಥ ಕೊಡುತ್ತವೆ. ಮೂಲ ಸರ್ವರ್‌ನಲ್ಲಿ ಇರುವುದೆಲ್ಲ ಅಲ್ಲಿಗೂ ನಕಲಾಗುತ್ತದೆ. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕರಸ್ ಬರೆದ ಆರ್‌ಸಿಂಕ್ ಎಂಬ ತಂತ್ರಾಂಶ ಈ ಕೆಲಸದ ಬೆನ್ನೆಲುಬು. ಇಡೀ ಭಂಡಾರವನ್ನು ಪ್ರತಿ ಸಲ ಸಾಗಿಸದೆ, ಬದಲಾದ ಭಾಗವನ್ನಷ್ಟೇ ಸಾಗಿಸುವುದು ಅದರ ಜಾಣತನ. ನಮ್ಮ ದೇಶದಲ್ಲಿ ಐಐಟಿ ಕಾನ್ಪುರ, ಐಐಟಿ ಮದ್ರಾಸಿನಂಥ ಸಂಸ್ಥೆಗಳೂ ಇಂಥ ಮಿರರ್‌ಗಳನ್ನು ನಡೆಸಿವೆ. ಲಿನಕ್ಸ್ ಕಲಿಯಬೇಕೆಂದರೆ ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬರುವ ಸಿಡಿಗೆ ಕಾಯುತ್ತಿದ್ದ ತಲೆಮಾರಿಗೆ ದೇಶದೊಳಗೇ ಒಂದು ಮಿರರ್ ಇರುವುದರ ಬೆಲೆ ಚೆನ್ನಾಗಿ ಗೊತ್ತು.

ಯಾರನ್ನು ಎಲ್ಲಿಗೆ ಕಳಿಸುವುದು?

ಹತ್ತು ಮಿರರ್ ಸಿಕ್ಕವು ಅನ್ನಿ. ಬಂದವರನ್ನು ಅವುಗಳ ನಡುವೆ ಹಂಚಬೇಕು. ಎಲ್ಲಕ್ಕಿಂತ ಸುಲಭದ ದಾರಿ ಡಿಎನ್‌ಎಸ್. ಒಂದೇ ಹೆಸರಿಗೆ ಹಲವು ಐಪಿ ವಿಳಾಸ ಬರೆದಿಟ್ಟರೆ ಸರತಿಯಂತೆ ಒಬ್ಬೊಬ್ಬರಿಗೆ ಒಂದೊಂದು ವಿಳಾಸ ಮೊದಲು ಸಿಗುತ್ತದೆ. ಖರ್ಚಿಲ್ಲ, ಹೊಸ ಯಂತ್ರ ಬೇಕಿಲ್ಲ.

ಆದರೆ ಡಿಎನ್‌ಎಸ್‌ಗೆ ಸರ್ವರ್ ಬದುಕಿದೆಯೋ ಸತ್ತಿದೆಯೋ ಗೊತ್ತಾಗುವುದಿಲ್ಲ. ಹತ್ತರಲ್ಲಿ ಒಂದು ಕೆಟ್ಟರೂ ಅದರ ಸರತಿ ಅದಕ್ಕೆ ಹೋಗುತ್ತಲೇ ಇರುತ್ತದೆ. ಪಟ್ಟಿಯಿಂದ ಆ ವಿಳಾಸ ತೆಗೆದ ಮೇಲೂ, ಹಳೆಯ ಉತ್ತರವನ್ನು ನೆನಪಿಟ್ಟುಕೊಂಡ ಕಂಪ್ಯೂಟರ್‌ಗಳು ಅವಧಿ ಮುಗಿಯುವವರೆಗೂ ಅಲ್ಲಿಗೇ ಬಾಗಿಲು ತಟ್ಟುತ್ತವೆ. ಪೂರ್ತಿ ಸತ್ತ ಸರ್ವರ್ ಆದರೂ ವಾಸಿ, ಬ್ರೌಸರ್ ಮುಂದಿನ ವಿಳಾಸವನ್ನು ತಾನೇ ಹುಡುಕಿಕೊಳ್ಳಬಹುದು. ಅರೆಜೀವದ ಸರ್ವರ್ ಇದೆಯಲ್ಲ, ಅದು ತಲೆನೋವು. ‘ಎಲ್ಲಾ ಸರಿಯಾಗಿದೆ’ ಎಂದು ಉತ್ತರಿಸಿ, ಫೈಲಿನ ಬದಲು ಖಾಲಿ ಪುಟ ಕಳಿಸುತ್ತದೆ.

ಇನ್ನೊಂದು ತೊಡಕು ಸಾಮರ್ಥ್ಯದ್ದು. ಒಂದು ಮಿರರಿಗೆ 10 ಗಿಗಾಬಿಟ್ ಸಂಪರ್ಕ, ಇನ್ನೊಂದಕ್ಕೆ 1 ಗಿಗಾಬಿಟ್, ಮೂರನೆಯದಕ್ಕೆ 100 ಮೆಗಾಬಿಟ್ ಎಂದರೆ ಮೂವರಿಗೂ ಸಮಪಾಲು ಹಾಕುವುದು ನ್ಯಾಯವಲ್ಲ. ಮೂರನೆಯವನಿಗೆ ನೂರರಲ್ಲಿ ಒಬ್ಬರನ್ನು ಕಳಿಸಿದರೂ ಅದು ಅವನ ಪಾಲಿಗಿಂತ ಒಂದು ಗುಲಗಂಜಿ ಹೆಚ್ಚೇ.

ಆದ್ದರಿಂದ ದೊಡ್ಡ ಯೋಜನೆಗಳು ತಮ್ಮದೇ ಒಂದು ‘ದಾರಿ ತೋರಿಸುವ’ ಸರ್ವರ್ ಇಟ್ಟುಕೊಳ್ಳುತ್ತವೆ. ಓಪನ್‌ಸೂಸೆ ಯೋಜನೆಯಲ್ಲಿ ಹುಟ್ಟಿದ ಮಿರರ್‌ಬ್ರೈನ್, ವಿಎಲ್‌ಸಿ ಪ್ಲೇಯರ್ ಮಾಡುವ ವಿಡಿಯೊಲ್ಯಾನ್ ಬಳಗದಲ್ಲಿ ಬೆಳೆದ ಮಿರರ್‌ಬಿಟ್ಸ್, ಫೆಡೋರಾದ ಮಿರರ್‌ಮ್ಯಾನೇಜರ್ ಇಂಥವು. ಬಸ್ ನಿಲ್ದಾಣದ ವಿಚಾರಣಾ ಕಿಟಕಿಯ ಹಾಗೆ ಕೆಲಸ ಮಾಡುತ್ತವೆ. ಕಿಟಕಿ ತಾನು ಯಾರನ್ನೂ ಹೊತ್ತೊಯ್ಯುವುದಿಲ್ಲ, ‘ನೀವು ಏಳನೇ ಪ್ಲಾಟ್‌ಫಾರ್ಮಿಗೆ ಹೋಗಿ’ ಎನ್ನುತ್ತದೆ ಅಷ್ಟೆ. ಹಾಗೆ ಹೇಳುವ ಮೊದಲು ನಾಲ್ಕು ವಿಷಯ ನೋಡುತ್ತದೆ: ಕೇಳಿದವರ ಐಪಿ ವಿಳಾಸ ಯಾವ ಕಡೆಯದು, ಹತ್ತಿರದ ಯಾವ ಮಿರರ್ ಈಗ ಎಚ್ಚರವಾಗಿದೆ, ಕೇಳಿದ ಫೈಲ್ ಅದರಲ್ಲಿ ಇದೆಯೇ, ಅದಕ್ಕೆ ಎಷ್ಟು ತೂಕ ಕೊಟ್ಟಿದ್ದೇವೆ. ಭಾರವಾದ ಫೈಲ್ ಈ ಸರ್ವರಿನ ಮೂಲಕ ಹಾದುಹೋಗುವುದಿಲ್ಲವಾದ್ದರಿಂದ ಒಂದು ಸಾಧಾರಣ ಯಂತ್ರ ಸಾಕು.

‘ಹತ್ತಿರ’ ಎನ್ನುವ ಮಾತನ್ನು ಇಲ್ಲಿ ಸ್ವಲ್ಪ ಎಚ್ಚರಿಕೆಯಿಂದ ಬಳಸಬೇಕು. ನಕಾಶೆಯ ಹತ್ತಿರವೇ ಬೇರೆ, ಜಾಲದ ಹತ್ತಿರವೇ ಬೇರೆ. ಎದುರುಬದುರು ಮನೆಗಳಲ್ಲಿ ಎರಡು ಕಂಪನಿಗಳ ಇಂಟರ್ನೆಟ್ ಇದ್ದರೆ, ಒಂದರಿಂದ ಇನ್ನೊಂದಕ್ಕೆ ಹೋಗುವ ಫೈಲ್ ಬೇರೆ ಊರನ್ನು ಸುತ್ತಿ ಬರಬಹುದು. ಒಂದು ಕಾಲದಲ್ಲಿ ಭಾರತದೊಳಗಿನ ಸಂಚಾರವೇ ಎಷ್ಟೋ ಸಲ ವಿದೇಶಕ್ಕೆ ಹೋಗಿ ಮರಳುತ್ತಿತ್ತು. ಆ ಸುತ್ತಾಟ ತಪ್ಪಿಸಲೆಂದೇ 2003ರಲ್ಲಿ ನಿಕ್ಸಿ, ಅಂದರೆ ಭಾರತದ ರಾಷ್ಟ್ರೀಯ ಇಂಟರ್ನೆಟ್ ವಿನಿಮಯ ಕೇಂದ್ರ ಸ್ಥಾಪನೆಯಾಯಿತು. ಇವತ್ತಿಗೂ ಮಿರರ್ ಆಯ್ಕೆಯಲ್ಲಿ ದೇಶದ ಜೊತೆಗೆ ಯಾವ ಜಾಲದವರು ಎಂಬುದನ್ನೂ ನೋಡುವುದು ಈ ಕಾರಣಕ್ಕೇ. ಹೈದರಾಬಾದಿನಲ್ಲಿ ಕುಳಿತವರಿಗೆ ಕೆಲವೊಮ್ಮೆ ಚೆನ್ನೈಗಿಂತ ಮುಂಬೈ ಬೇಗ ಸಿಗುತ್ತದೆ.

ಹಳಸಿದ ಮಿರರ್

ಮಿರರ್ ಎಂದರೆ ಕನ್ನಡಿ. ಆದರೆ ಈ ಕನ್ನಡಿ ಎದುರಿಗಿರುವುದನ್ನು ಆ ಕ್ಷಣವೇ ತೋರಿಸುವುದಿಲ್ಲ, ಗಂಟೆಗಟ್ಟಲೆ ಹಿಂದೆ ಬೀಳಬಹುದು. ಡೆಬಿಯನ್ ಲಿನಕ್ಸಿನ ಭಂಡಾರ ದಿನಕ್ಕೆ ನಾಲ್ಕು ಸಲ ಹೊಸದಾಗುತ್ತದೆ. ಜಗತ್ತಿನಾದ್ಯಂತ ಇರುವ ಮಿರರ್‌ಗಳು ಆ ಬದಲಾವಣೆಯನ್ನು ತಂದುಕೊಳ್ಳಬೇಕು. ತರುವ ಕ್ರಮದಲ್ಲೇ ಒಂದು ಸೂಕ್ಷ್ಮ ಇದೆ.

ಹೊಸ ಪ್ಯಾಕೇಜ್‌ಗಳಿಗಿಂತ ಮೊದಲು ಅವುಗಳ ಪಟ್ಟಿ ಬಂದುಬಿಟ್ಟರೆ ಏನಾಗುತ್ತದೆ? ಹೋಟೆಲಿನ ಬೋರ್ಡಿನ ಮೇಲೆ ‘ಬಿಸಿಬೇಳೆ ಬಾತ್’ ಎಂದು ಬರೆದಾಗಿದೆ, ಒಳಗೆ ಇನ್ನೂ ಬೇಳೆ ಬೆಂದಿಲ್ಲ. ಗಿರಾಕಿ ಕೇಳಿದರೆ ಇಲ್ಲ ಎನ್ನಬೇಕಾಗುತ್ತದೆ. ಅದಕ್ಕೇ ಡೆಬಿಯನ್ ಎರಡು ಹಂತದ ಕ್ರಮವನ್ನು ಕಡ್ಡಾಯವಾಗಿ ಹೇಳುತ್ತದೆ. ಮೊದಲ ಹಂತದಲ್ಲಿ ಹೊಸ ಪ್ಯಾಕೇಜ್‌ಗಳನ್ನು ತಂದಿಟ್ಟುಕೊಳ್ಳಬೇಕು, ಹಳೆಯದನ್ನು ಮುಟ್ಟಬಾರದು. ಎರಡನೆಯ ಹಂತದಲ್ಲಿ ಪಟ್ಟಿಗಳನ್ನು ಬದಲಿಸಿ, ಕಡೆಯಲ್ಲಿ ಹಳೆಯದನ್ನು ಅಳಿಸಬೇಕು. ಉಬುಂಟು, ಡೆಬಿಯನ್ ಬಳಸುವವರು ಎಂದಾದರೊಮ್ಮೆ ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ ಎಂಬ ಕೆಂಪು ಸಾಲು ಕಂಡು ತಲೆ ಕೆರೆದುಕೊಂಡಿರುತ್ತೀರಿ. ಬಹುಪಾಲು ಸಲ ಅದರ ಮೂಲ ಇಲ್ಲೇ ಇರುತ್ತದೆ: ಪಟ್ಟಿ ಒಂದು ಹೊತ್ತಿನದು, ಫೈಲ್ ಇನ್ನೊಂದು ಹೊತ್ತಿನದು.

ಮಿರರ್ ಎಷ್ಟು ಹಿಂದಿದೆ ಎಂದು ತಿಳಿಯಲು ಡೆಬಿಯನ್‌ನವರು ಪ್ರತಿ ಮಿರರಿನಲ್ಲೂ ‘ಟ್ರೇಸ್’ ಎಂಬ ಪುಟ್ಟ ಫೈಲ್ ಇಡಿಸುತ್ತಾರೆ. ಕಡೆಯ ಸಲ ಯಾವಾಗ ತಾಜಾ ಆಯಿತು ಎಂಬುದು ಅದರಲ್ಲಿರುತ್ತದೆ. ಉಸ್ತುವಾರಿ ಮಾಡುವವರು ಬೆಳಿಗ್ಗೆ ಮೊದಲು ನೋಡುವುದು ಅದನ್ನೇ. ನಮ್ಮ ಪಟ್ಟಿಯಲ್ಲಿದ್ದ ಒಂದು ಕಾಲೇಜಿನ ಮಿರರ್ ಒಮ್ಮೆ ಎರಡು ವಾರ ಹಿಂದೆ ಬಿದ್ದಿತ್ತು. ಮೇಲ್‌ಗಳಿಗೆ ಉತ್ತರವಿಲ್ಲ. ಕೊನೆಗೆ ಫೋನ್ ಹಚ್ಚಿದಾಗ ತಿಳಿಯಿತು, ಅದನ್ನು ನೋಡಿಕೊಳ್ಳುತ್ತಿದ್ದ ಹುಡುಗ ಕೋರ್ಸ್ ಮುಗಿಸಿ ಕೆಲಸಕ್ಕೆ ಹೋಗಿದ್ದ. ಸರ್ವರ್ ಇದೆ, ಕರೆಂಟ್ ಇದೆ, ಇಂಟರ್ನೆಟ್ ಇದೆ, ಡಿಸ್ಕ್ ತುಂಬಿದೆ ಎಂದು ನೋಡುವವರು ಇಲ್ಲ. ಮಿರರ್ ಉಸ್ತುವಾರಿಯಲ್ಲಿ ಅರ್ಧ ಕೆಲಸ ಇಂಥ ಫೋನ್ ಕರೆಗಳದ್ದೇ.

ಬಿಡುಗಡೆಯ ದಿನಕ್ಕೂ ಒಂದು ಶಿಸ್ತು ಬೇಕು. ಫೈಲನ್ನು ಮೊದಲು ಸದ್ದಿಲ್ಲದೆ ಮೂಲ ಸರ್ವರಿಗೆ ಏರಿಸಿ, ಸಾಕಷ್ಟು ಮಿರರ್‌ಗಳಿಗೆ ತಲುಪಿದೆ ಎಂದು ಖಾತ್ರಿಯಾದ ಮೇಲೆ ಸುದ್ದಿ ಹೊರಡಿಸಬೇಕು. ಎಲೆ ಹಾಕುವ ಮೊದಲೇ ಪಂಕ್ತಿಗೆ ಕರೆದರೆ ಗದ್ದಲವಾಗುವುದು ಖಂಡಿತ. ಇನ್ನೊಂದು ನಿಯಮವನ್ನಂತೂ ಮುರಿಯಲೇಬಾರದು: ಒಮ್ಮೆ ಹೊರಬಿದ್ದ ಹೆಸರಿನಲ್ಲಿ ಮತ್ತೆ ಬೇರೆ ಫೈಲ್ ಇಡಬಾರದು. ಸಣ್ಣ ತಪ್ಪು ತಿದ್ದಿದರೂ ಆವೃತ್ತಿ ಸಂಖ್ಯೆ ಬದಲಾಗಬೇಕು. ಇಲ್ಲದಿದ್ದರೆ ಕೆಲವು ಮಿರರ್‌ಗಳಲ್ಲಿ ಹಳೆಯದು, ಕೆಲವುಗಳಲ್ಲಿ ಹೊಸದು. ಅರ್ಧದಲ್ಲಿ ನಿಂತ ಡೌನ್‌ಲೋಡನ್ನು ಮುಂದುವರಿಸಿದವರಿಗೆ ಎರಡರ ಕಲಬೆರಕೆ.

ಸೀಲ್ ಯಾರ ಕೈಯಲ್ಲಿ?

ಹ್ಯಾಂಡ್‌ಬ್ರೇಕ್ ಕಥೆ ಕೇಳಿದ ಧಾರವಾಡದ ಕಿರಿಯ ಸಹೋದ್ಯೋಗಿಯೊಬ್ಬ ಕೇಳಿದ, “ಸರ, ಎಲ್ಲಾ ಸರ್ವರ್ ನಮ್ಮ ಕೈಯಾಗ ಇಟ್ಕೊಂಡ್ರ ಈ ತ್ರಾಸ ಇರೂದಿಲ್ಲಲ್ರಿ?” ಸಹಜವಾದ ಪ್ರಶ್ನೆ. ಆದರೆ ಹ್ಯಾಂಡ್‌ಬ್ರೇಕ್‌ನಲ್ಲಿ ಇದ್ದದ್ದು ಎರಡೇ ಸರ್ವರ್. ಸರ್ವರ್ ನಮ್ಮದಾದರೂ ಕಳ್ಳ ಬರಬಹುದು, ನೂರು ಜನರದ್ದಾದರೆ ನೂರು ಬಾಗಿಲು. ಹಾಗಾಗಿ ಸರ್ವರನ್ನು ನಂಬುವುದನ್ನೇ ಬಿಟ್ಟು ಬೇರೆ ಏನನ್ನಾದರೂ ನಂಬಬೇಕು.

ನಂದಿನಿ ಹಾಲಿನ ಪೊಟ್ಟಣ ನೆನಪಿಸಿಕೊಳ್ಳಿ. ಬೂತಿನವರು ಯಾರೆಂದು ನಮಗೆ ಗೊತ್ತಿರುವುದಿಲ್ಲ. ಡೇರಿಯಲ್ಲಿ ಹಾಕಿದ ಸೀಲ್ ಒಡೆದಿಲ್ಲ ಎಂದು ನೋಡಿ ಕೊಳ್ಳುತ್ತೇವೆ. ಸಾಫ್ಟ್‌ವೇರಿನಲ್ಲಿ ಆ ಸೀಲ್ ಎಂದರೆ ಡಿಜಿಟಲ್ ಸಹಿ. ಫೈಲಿನಿಂದ ಲೆಕ್ಕ ಹಾಕಿದ ಉದ್ದ ಸಂಖ್ಯೆ ಒಂದಿರುತ್ತದೆ, ಅದಕ್ಕೆ ಚೆಕ್‌ಸಮ್ ಎನ್ನುತ್ತಾರೆ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಯೋಜನೆಯವರು ಈ ಸಂಖ್ಯೆಗೆ ತಮ್ಮ ಗುಪ್ತ ಕೀಲಿಯಿಂದ ಸಹಿ ಹಾಕುತ್ತಾರೆ. ಆ ಕೀಲಿ ಯಾವ ಮಿರರಿಗೂ ಹೋಗುವುದಿಲ್ಲ. ಡೆಬಿಯನ್‌ನ ಸಾಮಾನ್ಯ ಪ್ಯಾಕೇಜ್‌ಗಳು ಸಾದಾ ಎಚ್‌ಟಿಟಿಪಿಯಲ್ಲಿ, ಗುರುತಿಲ್ಲದವರ ಸರ್ವರಿನಿಂದ ಬಂದರೂ ತೊಂದರೆಯಾಗದಿರುವುದು ಈ ಸರಪಳಿಯಿಂದ: ಸಹಿ ಇರುವ ಪಟ್ಟಿ, ಪಟ್ಟಿಯೊಳಗೆ ಚೆಕ್‌ಸಮ್, ಚೆಕ್‌ಸಮ್‌ಗೆ ಹೊಂದುವ ಪ್ಯಾಕೇಜ್.

ಹ್ಯಾಂಡ್‌ಬ್ರೇಕ್ ಪ್ರಕರಣವೇ ಇದಕ್ಕೆ ಸಾಕ್ಷಿ. ಅದೇ ದಿನಗಳಲ್ಲಿ 1.0 ಮತ್ತು ನಂತರದ ಆವೃತ್ತಿಗಳ ಒಳಗಿನಿಂದಲೇ ‘ಅಪ್‌ಡೇಟ್’ ಒತ್ತಿದವರಿಗೆ ಏನೂ ಆಗಲಿಲ್ಲ. ಆ ಆವೃತ್ತಿಗಳು ಸಹಿ ಪರೀಕ್ಷಿಸಿದ ನಂತರವೇ ಹೊಸದನ್ನು ಸ್ಥಾಪಿಸುತ್ತಿದ್ದವು. ಬ್ರೌಸರಿನಿಂದ ಇಳಿಸಿ, ಏನೂ ನೋಡದೆ ತೆರೆದವರು ಸಿಕ್ಕಿಬಿದ್ದರು. ಐದು ವರ್ಷ ಹಿಂದೆ, 2012ರ ಸೆಪ್ಟೆಂಬರಿನಲ್ಲಿ, ಸೋರ್ಸ್‌ಫೋರ್ಜ್ ತಾಣದ ಕೊರಿಯಾ ಮಿರರ್ ಒಂದರಲ್ಲಿ ಪಿಎಚ್‌ಪಿಮೈಅಡ್ಮಿನ್ ತಂತ್ರಾಂಶದ ಫೈಲಿಗೂ ಇದೇ ಗತಿ ಬಂದಿತ್ತು. ಹಿಂಬಾಗಿಲು ಸೇರಿಸಿದ ಆ ಫೈಲನ್ನು ಸುಮಾರು 400 ಮಂದಿ ಇಳಿಸಿಕೊಂಡಿದ್ದರು. ಬೇರೆ ಮಿರರ್‌ಗಳೆಲ್ಲ ಚೊಕ್ಕವಾಗಿದ್ದವು. ಹಂಚಿಕೆ ಎಷ್ಟು ಚೆನ್ನಾಗಿದ್ದರೂ ಪರೀಕ್ಷೆ ಇಲ್ಲದಿದ್ದರೆ ಯಾರಿಗೆ ಏನು ಸಿಗುತ್ತದೆ ಎಂಬುದು ಅದೃಷ್ಟದ ಮಾತಾಗುತ್ತದೆ.

ಸೀಲ್ ಒಂದೇ ಇದ್ದರೆ ಸಾಲದು, ಪೊಟ್ಟಣದ ಮೇಲೆ ತಾರೀಖೂ ಬೇಕು. ನಿನ್ನೆಯ ಹಾಲಿನ ಸೀಲೂ ಅಸಲಿಯೇ ಅಲ್ಲವೇ? 2008ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಜಸ್ಟಿನ್ ಕಾಪೋಸ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಒಂದು ಕಾಲ್ಪನಿಕ ಕಂಪನಿಯ ಹೆಸರು ಹೇಳಿ, ಬಾಡಿಗೆಗೆ ಸರ್ವರ್ ಹಿಡಿದು, ಉಬುಂಟು, ಡೆಬಿಯನ್, ಫೆಡೋರಾ, ಸೆಂಟ್‌ಒಎಸ್, ಓಪನ್‌ಸೂಸೆ ಐದಕ್ಕೂ ಅಧಿಕೃತ ಮಿರರ್ ಆಗಲು ಅರ್ಜಿ ಹಾಕಿದರು. ಐದೂ ಕಡೆ ಒಪ್ಪಿಗೆ ಸಿಕ್ಕಿತು! ಹಾಗೆ ಒಳಬಂದ ದುಷ್ಟ ಮಿರರಿಗೆ ಸಹಿಯನ್ನು ನಕಲು ಮಾಡಬೇಕಾದ ಅಗತ್ಯವೇ ಇಲ್ಲ ಎಂದು ಅವರು ತೋರಿಸಿದರು. ದೋಷ ಸರಿಪಡಿಸಿದ ಹೊಸ ಆವೃತ್ತಿಯನ್ನು ತಡೆಹಿಡಿದು, ದೋಷವಿರುವ ಹಳೆಯ ಅಸಲಿ ಆವೃತ್ತಿಯನ್ನೇ ಕೊಡುತ್ತಾ ಹೋದರೆ ಸಾಕು. ಯಾರ ಕಂಪ್ಯೂಟರ್ ದುರ್ಬಲವಾಗಿದೆ ಎಂಬುದೂ ಆ ಮಿರರಿಗೆ ಗೊತ್ತಿರುತ್ತದೆ.

ಇದಕ್ಕೆ ಪರಿಹಾರಗಳು ಬಂದಿವೆ. ಡೆಬಿಯನ್ ಮೇಲಿಂದ ಮೇಲೆ ಬದಲಾಗುವ ವಿಭಾಗಗಳ ಪಟ್ಟಿಯ ಮೇಲೆ ‘ಇಂಥ ದಿನದವರೆಗೆ ಮಾತ್ರ’ ಎಂಬ ತಾರೀಖು ಹಾಕುತ್ತದೆ. ಭದ್ರತಾ ಪರಿಷ್ಕರಣೆಗಳ ಭಂಡಾರವನ್ನು ಸಾರ್ವಜನಿಕ ಮಿರರ್‌ಗಳಲ್ಲಿ ಇಡಬೇಡಿ, ನಮ್ಮಿಂದಲೇ ಪಡೆಯಿರಿ ಎನ್ನುತ್ತದೆ. ಫೆಡೋರಾ ಮಿರರ್‌ಗಳ ವಿಳಾಸ ಕೊಡುವಾಗಲೇ ತಾಜಾ ಪಟ್ಟಿಯ ಚೆಕ್‌ಸಮ್ಮನ್ನೂ ತನ್ನ ಸ್ವಂತ ಸರ್ವರಿನಿಂದ ಕೊಡುತ್ತದೆ. ಹಳಸಿದ್ದು ಬಂದರೆ ನಿಮ್ಮ ಕಂಪ್ಯೂಟರ್ ತಾನೇ ತಿರಸ್ಕರಿಸಿ ಮುಂದಿನ ಮಿರರಿಗೆ ಹೋಗುತ್ತದೆ. ಭಾರವನ್ನು ಎಷ್ಟು ಜನರಿಗೆ ಬೇಕಾದರೂ ಹಂಚಬಹುದು, ಸೀಲನ್ನೂ ತಾರೀಖನ್ನೂ ಮಾತ್ರ ಮೂಲದವರೇ ಇಟ್ಟುಕೊಳ್ಳಬೇಕು. ಮಿರರ್ ಉಸ್ತುವಾರಿಯ ಬಗ್ಗೆ ನಾನು ಒಂದೇ ಮಾತು ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ.

ಸಿಡಿಎನ್ ಬಂದ ಮೇಲೂ

ಈಗ ಸಿಡಿಎನ್ ಕಂಪನಿಗಳು ಈ ಕೆಲಸವನ್ನು ಬಹಳಷ್ಟು ವಹಿಸಿಕೊಂಡಿವೆ. ಡೆಬಿಯನ್ ಫಾಸ್ಟ್ಲಿಯ ನೆರವಿನಿಂದ ಒಂದೇ ಹೆಸರಿನಡಿ ಜಗತ್ತಿಗೆಲ್ಲ ಹಂಚುತ್ತದೆ. ಅಪಾಚೆ ಪ್ರತಿಷ್ಠಾನವೂ 2021ರಲ್ಲಿ ಸ್ವಯಂಸೇವಕ ಮಿರರ್‌ಗಳ ಹಳೆಯ ಪದ್ಧತಿ ಬಿಟ್ಟು ಸಿಡಿಎನ್ ಕಡೆ ಹೊರಳಿತು. ಉಸ್ತುವಾರಿ ಹಗುರವಾಗಿದೆ, ಹಳಸುವ ಸಮಸ್ಯೆ ತಗ್ಗಿದೆ.

ಹಾಗೆಂದು ಮಿರರ್‌ಗಳ ಕಾಲ ಮುಗಿಯಿತು ಎನ್ನಲಾಗದು. 2021ರ ಜೂನ್ 8ರಂದು ಫಾಸ್ಟ್ಲಿಯಲ್ಲಿ ದೋಷ ಕಾಣಿಸಿಕೊಂಡು, ಬ್ರಿಟನ್ ಸರ್ಕಾರದ ಜಾಲತಾಣದಿಂದ ದೊಡ್ಡ ಪತ್ರಿಕೆಗಳವರೆಗೆ ಎಷ್ಟೋ ತಾಣಗಳು ಸುಮಾರು ಒಂದು ಗಂಟೆ ಬಾಗಿಲು ಮುಚ್ಚಿದವು. ಒಂದೇ ಕಂಪನಿಯ ಮೇಲೆ ಎಲ್ಲರೂ ಒರಗಿದರೆ ಅದು ಎಡವಿದ ದಿನ ಎಲ್ಲರೂ ಬೀಳುತ್ತೇವೆ. ಇಂದು ಉಚಿತವಾಗಿ ಕೊಡುತ್ತಿರುವ ಕಂಪನಿ ನಾಳೆ ಮನಸ್ಸು ಬದಲಿಸಲೂಬಹುದು.

ನಾವು ಮಾಡಬಹುದಾದದ್ದು

ಬಳಸುವವರಾಗಿ ಮಾಡಬೇಕಾದದ್ದು ಎರಡು ನಿಮಿಷದ ಕೆಲಸ. ದೊಡ್ಡ ಫೈಲ್ ಇಳಿಸಿಕೊಂಡ ಮೇಲೆ ಅದರ ಚೆಕ್‌ಸಮ್ ಲೆಕ್ಕ ಹಾಕಿ, ಯೋಜನೆಯ ಅಧಿಕೃತ ಪುಟದಲ್ಲಿರುವುದರ ಜೊತೆ ಹೋಲಿಸಿ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಮ್ಯಾಕ್‌ನಲ್ಲಿ ಶಾಸಮ್, ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್ ಎಂಬ ಆಜ್ಞೆಗಳು ಮೊದಲೇ ಇರುತ್ತವೆ. ಸಹಿ ಇದ್ದರೆ ಅದನ್ನೂ ಪರೀಕ್ಷಿಸಿ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ತಾಣಕ್ಕೇ ನುಗ್ಗಿ ಡೌನ್‌ಲೋಡ್ ಕೊಂಡಿಯನ್ನು ಬದಲಿಸಿದ್ದರು. ತಾಣಕ್ಕೆ ನುಗ್ಗಿದವರು ಅಲ್ಲಿ ಬರೆದಿರುವ ಚೆಕ್‌ಸಮ್ಮನ್ನೂ ತಿದ್ದಬಲ್ಲರು, ಸಹಿಯನ್ನು ತಿದ್ದಲಾರರು.

ಇನ್ನು ಮುಂಬೈ, ಚೆನ್ನೈ, ಹೈದರಾಬಾದಿನ ಡೇಟಾ ಸೆಂಟರ್‌ಗಳಲ್ಲಿ, ಇಂಟರ್ನೆಟ್ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಬಳಕೆಯಾಗದೆ ಮಿಕ್ಕ ಬ್ಯಾಂಡ್‌ವಿಡ್ತ್ ನಿಮ್ಮಲ್ಲಿ ಇದ್ದೇ ಇರುತ್ತದೆ. ಕೆಲವು ಟಿಬಿ ಡಿಸ್ಕ್, ಒಳ್ಳೆಯ ಸಂಪರ್ಕ, ಆರ್‌ಸಿಂಕ್, ಒಂದು ಮಾನಿಟರಿಂಗ್ ಅಲರ್ಟ್ ಇದ್ದರೆ ಮಿರರ್ ಶುರು ಮಾಡಬಹುದು. ಅದರಿಂದ ಕಲಬುರಗಿಯ ಹಾಸ್ಟೆಲಿನಲ್ಲಿ ನಿಧಾನದ ಇಂಟರ್ನೆಟ್‌ನಲ್ಲಿ ಲಿನಕ್ಸ್ ಇಳಿಸುವ ವಿದ್ಯಾರ್ಥಿಗೂ ಉಪಕಾರ, ನಿಮ್ಮ ಕಚೇರಿಯ ನೂರಾರು ಸರ್ವರ್‌ಗಳ ಅಪ್‌ಡೇಟೂ ವೇಗವಾಗುತ್ತದೆ.

ಶುರು ಮಾಡುವ ದಿನವೇ ಎರಡು ವಿಷಯ ಬರೆದಿಡಿ. ಸಂಪರ್ಕದ ಮೇಲ್ ಒಬ್ಬರ ಹೆಸರಿನಲ್ಲಿ ಇರದೆ ತಂಡದ ಹೆಸರಿನಲ್ಲಿ ಇರಲಿ. ನೀವು ಕೆಲಸ ಬಿಟ್ಟು ಬೇರೆ ಊರಿಗೆ ಹೋದರೆ ನಂತರ ನೋಡಿಕೊಳ್ಳುವವರು ಯಾರು ಎಂಬುದು ಸ್ಪಷ್ಟವಾಗಿರಲಿ. ನೋಡಿಕೊಳ್ಳಲು ಯಾರೂ ಸಿಗದಿದ್ದರೆ, ಯೋಜನೆಯವರಿಗೆ ತಿಳಿಸಿ ಪಟ್ಟಿಯಿಂದ ಹೆಸರು ತೆಗೆಸಿ, ಆಮೇಲೆ ಸರ್ವರ್ ನಿಲ್ಲಿಸಿ.